ವಿಮಾನದಲ್ಲೊಂದು ಪ್ರದಕ್ಷಿಣೆ

ಕಳೆದ ತಿಂಗಳು ಒಂದು ಶನಿವಾರ ನಾನು ಸಾಯಬೇಕಾಗಿತ್ತು. ಸಾಯಲಿಲ್ಲ. (ಕೋರ್ಟಿನಲ್ಲಿ ನನ್ನ ಎದುರು ನಿಂತು ವಾದಿಸುವ ಮಿತ್ರರಿಗೆ ನನ್ನ ಸಂತಾಪಗಳು.)

ಪ್ಲೇಗು ಬಂದಿರಲಿಲ್ಲ. ಹಾವು ಕಚ್ಚಿರಲಿಲ್ಲ. ಬ್ರೇಕು ಇದ್ದೂ ಇಲ್ಲದಂತಿರುವ ನಮ್ಮ ಆಳಂದದ ಸರ್ವಿಸ್ ಮೋಟಾರನ್ನೂ ನಾನು ಹತ್ತಿರಲಿಲ್ಲ. ನಾನು ಸಾಯಬೇಕಾಗಿದ್ದದ್ದು ಅಫಜಲಪುರದ ಆಕಾಶದಲ್ಲಿ, ಹಣಮಪ್ಪನ ಗುಡಿಯ ಪಕ್ಕದಲ್ಲಿ, ಒಂದು ವಿಮಾನಕ್ಕೆ ಇನ್ನೊಂದು ವಿಮಾನ ಢಿಕ್ಕಿ ಹೊಡೆದು.

ಆ ದಿನ ಇಡೀ ಸೀಮೆಯ ಆಕಾಶದಲ್ಲಿ ಇದ್ದದ್ದೇ ಎರಡು ವಿಮಾನ. ಅಷ್ಟು ದೊಡ್ಡ ಆಕಾಶ! ಎರಡಕ್ಕೂ ಜಾಗ ಸಾಲಲಿಲ್ಲ ಎಂದರೆ ನಂಬುತ್ತೀರಾ?

ನಂಬಲೇಬೇಕು. ಏಕೆಂದರೆ ಒಂದರಲ್ಲಿ ನಮ್ಮ ಅವ್ವ ಇದ್ದಳು. ಇನ್ನೊಂದರಲ್ಲಿ ನಮ್ಮ ಮಾವ, ಅಂದರೆ ನನ್ನ ಹೆಂಡತಿಯ ತಂದೆ ಇದ್ದರು. ಈ ಇಬ್ಬರಿಗೆ ಭೂಮಿಯೇ ಸಾಲುವುದಿಲ್ಲ. ಇನ್ನು ಆಕಾಶದ ಪಾಡೇನು?

ಮೊದಲು ಈ ಬೀಗರ ಜಗಳ ಹೇಳಿಬಿಡುತ್ತೇನೆ. (ಅವ್ವನಿಗೆ ಓದು ಬರುವುದಿಲ್ಲ. ಮಾವ ಪತ್ರಿಕೆಯನ್ನು ಕೊಂಡು ಓದುವ ಪೈಕಿ ಅಲ್ಲ. ಹಾಗಾಗಿ ನನಗೆ ಧೈರ್ಯ.)

ನನ್ನ ಮದುವೆ ಆದದ್ದು ಜೇವರ್ಗಿಯಲ್ಲಿ. ಗಂಡಿನ ದಿಬ್ಬಣ ಊರ ಸೀಮೆಗೆ ಬಂದಾಗ ಹೆಣ್ಣಿನ ತಂದೆ ಎದುರು ಬಂದು ಕರೆದುಕೊಳ್ಳಬೇಕು. ಅದು ಶಾಸ್ತ್ರ. ಆದರೆ ಜೇವರ್ಗಿಯ ಸೀಮೆ ಎಲ್ಲಿಂದ ಶುರು? ಸೀಮೆಗಲ್ಲಿನಿಂದ ಎಂದು ಅವ್ವ ಗಾಡಿಯನ್ನು ಅಲ್ಲೇ ನಿಲ್ಲಿಸಿದಳು. ಬಾವಿಯಿಂದ ಎಂದು ಮಾವ ಬಾವಿಯ ಹತ್ತಿರ ಹೊರಸು ಹಾಕಿಸಿಕೊಂಡು ಕೂತರು. ಅವರು ಗಿರದಾವರ ಕೆಲಸ ಮಾಡಿ ನಿವೃತ್ತರಾದವರು. ಕಂದಾಯ ಇಲಾಖೆಯಲ್ಲಿ ಊರೂರ ಸೀಮೆ ಅಳೆಸಿದ ಮನುಷ್ಯನಿಗೆ ಸೀಮೆ ತೋರಿಸಲು ಹೋಗುತ್ತಾರೆಯೇ? ನಡುವೆ ಒಂದು ತೊಗರಿ ಹೊಲ. ಈ ಕಡೆಯವರು ಏಳರು, ಆ ಕಡೆಯವರು ಏಳರು. ಬಾಸಿಂಗ ಕಟ್ಟಿಕೊಂಡು ಬಿಸಿಲಲ್ಲಿ ಬೇಯುತ್ತಿದ್ದವನು ನಾನು.

ಕೊನೆಗೆ ಎತ್ತುಗಳಿಗೆ ನೀರಡಿಕೆಯಾಯಿತು. ಅವು ಯಾರನ್ನೂ ಕೇಳದೆ ಗಾಡಿ ಎಳೆದುಕೊಂಡು ಬಾವಿಗೆ ನಡೆದುಬಿಟ್ಟವು. ಲಗ್ನವೇನೋ ಆಯಿತು. ಆದರೆ "ನಾ ಬಂದಿಲ್ಲ, ಎತ್ತು ಬಂದಾವ" ಎಂದು ಅವ್ವ. "ಬೀಗತಿ ತಾನಾಗೇ ಬಂದಾಳ" ಎಂದು ಮಾವ. ಅಂದಿನಿಂದ ಮಾತಿಲ್ಲ.

ಇದರಲ್ಲಿ ಪೆಟ್ಟು ಬಿದ್ದದ್ದು ನಮ್ಮ ಮನೆಯವಳಿಗೆ. ಅವಳು ಮದುವೆಯಾಗಿ ಬಂದ ಮೇಲೆ ಒಂದು ಪಂಚಮಿಗೂ ತವರಿಗೆ ಹೋಗಿಲ್ಲ. ಅಪ್ಪ ಬಂದು ಕರೆಯಲಿ ಎಂದು ಇಲ್ಲಿ. ಕಳಿಸುತ್ತೇವೆ ಎಂದು ಅವರೇ ಹೇಳಿ ಕಳಿಸಲಿ ಎಂದು ಅಲ್ಲಿ. ಈಗ ಅವಳ ಒಬ್ಬಳೇ ತಂಗಿಗೆ ಮದುವೆ ಗೊತ್ತಾಗಿತ್ತು. ಮಾವ ಆಳಂದಕ್ಕೆ ಬಂದು ಅಕ್ಷತೆ ಕೊಟ್ಟು ಕರೆಯದ ಹೊರತು ನಮ್ಮ ಮನೆಯಿಂದ ಒಂದು ಬೆಕ್ಕೂ ಜೇವರ್ಗಿಯ ಕಡೆ ಮುಖ ಮಾಡಕೂಡದು ಎಂದು ಅವ್ವನ ಅಪ್ಪಣೆಯಾಗಿತ್ತು. ಮನೆಯವಳು ರೊಟ್ಟಿ ಬಡಿಯುವ ಸದ್ದು ಸ್ವಲ್ಪ ಜೋರಾಯಿತು.

ಈಗ ವಿಮಾನಕ್ಕೆ ಬರೋಣ.

ರಾಜಧಾನಿಯ ಒಂದು ಹಾರಾಟದ ಕ್ಲಬ್ಬಿನವರು ಎರಡು ಸಣ್ಣ ವಿಮಾನ ತಗೊಂಡು ತಾಲ್ಲೂಕು ಸುತ್ತಲು ಹೊರಟಿದ್ದರು. ವಿಮಾನವೆಂದರೆ ದೆವ್ವವಲ್ಲ, ಹತ್ತಬಹುದು, ಇಳಿಯಲೂಬಹುದು ಎಂದು ಜನಕ್ಕೆ ತಿಳಿಸುವ ಉದ್ದೇಶ. ಅಫಜಲಪುರ ಅವ್ವನ ತವರೂರು. ನನ್ನ ಸೋದರಮಾವ ಅಲ್ಲಿಯೇ ಇದ್ದಾನೆ. ನೋಡಿಕೊಂಡು ಬರೋಣ ಎಂದು ಅವ್ವ, ಮನೆಯವಳು, ನಾನು ಮೂವರೂ ಹೋದೆವು. (ಅವ್ವ ತನ್ನ ತವರಿಗೆ ಬೇಕಾದಾಗ ಹೋಗುತ್ತಾಳೆ. ಇದನ್ನು ನಾನು ಮನೆಯಲ್ಲಿ ಎಂದೂ ಬಾಯಿಬಿಟ್ಟು ಹೇಳಿಲ್ಲ.)

ಊರ ಹೊರಗಿನ ಗಾಯರಾಣದಲ್ಲಿ ದನ ಮೇಯುವುದನ್ನು ನಿಲ್ಲಿಸಿ, ಕಲ್ಲು ಆರಿಸಿ, ಸುಣ್ಣದ ಗೆರೆ ಹಾಕಿದ್ದರು. ಅದೇ ವಿಮಾನ ನಿಲ್ದಾಣ! ಬದಿಗೆ ಹಣಮಪ್ಪನ ಗುಡಿ. ಗಾಳಿ ಎತ್ತ ಕಡೆಯಿಂದ ಬೀಸುತ್ತಿದೆ ಎಂದು ಪೈಲಟ್ ನೋಡಿಕೊಳ್ಳುತ್ತಿದ್ದದ್ದು ಗುಡಿಯ ಮೇಲೆ ಹಾರುವ ನಿಶಾನೆಯನ್ನು. ವಾಯುಪುತ್ರನಿಗಿಂತ ಬಲ್ಲವರು ಯಾರಿದ್ದಾರೆ?

ಹಿರಿಯ ಪೈಲಟ್ ಒಬ್ಬ ನವಾಬಿ ನಡವಳಿಕೆಯ ಮುಸಲ್ಮಾನ ಗೃಹಸ್ಥ. ಎಲ್ಲರೂ ಕಪ್ತಾನ ಸಾಹೇಬರು ಎನ್ನುತ್ತಿದ್ದರು. ನಾನು ವಕೀಲ, ಬಿಡುತ್ತೇನೆಯೇ? ಪಾಟೀಸವಾಲು ಶುರು ಮಾಡಿದೆ.

"ಸಾಹೇಬ್ರ, ರೈಲಿಗೆ ಸ್ಟೇಷನ್ ಮಾಸ್ತರ ಇರ್ತಾನ. ಸಿಗ್ನಲ್ ಇರ್ತದ. ಇಲ್ಲಿ ನಿಮಗ ಬಾ ಅನ್ನಾವ್ರು, ನಿಲ್ಲು ಅನ್ನಾವ್ರು ಯಾರು?"

"ಕೋಯೀ ನಹೀಂ, ವಕೀಲ್ ಸಾಬ್. ಯಾರೂ ಇಲ್ಲ್ರಿ."

"ದೊಡ್ಡ ಊರಾಗ?"

"ಅಲ್ಲಿ ಎತ್ತರದ ಮ್ಯಾಲೆ ಒಬ್ಬ ನಿಂತು ಕೆಂಪು ದೀಪ, ಹಸಿರು ದೀಪ ತೋರಸ್ತಾನ್ರಿ. ಇಲ್ಲಿ ತೋರಸೂದು ಹಣಮಪ್ಪ ಒಬ್ಬನ."

"ಮತ್ತ ಎರಡು ವಿಮಾನ ಒಂದಕ್ಕೊಂದು ಹಾಯಲಾರದಂಗ ಹ್ಯಾಂಗ?"

ಅವರು ತಮ್ಮ ಕಣ್ಣು ತೋರಿಸಿದರು. ಆಮೇಲೆ ಬಹಳ ಸಮಾಧಾನದಿಂದ ವಿವರಿಸಿದರು. ಇಳಿಯುವ ಮೊದಲು ಬಯಲಿನ ಸುತ್ತ ಒಂದು ಸುತ್ತು ಹಾಕಬೇಕು. ಬಯಲು ಯಾವಾಗಲೂ ಎಡಗೈ ಕಡೆಗೆ ಇರಬೇಕು. ಎಲ್ಲರೂ ಹೀಗೆ ಒಂದೇ ಕಡೆ ತಿರುಗಿದರೆ ಒಬ್ಬರ ಹಿಂದೆ ಒಬ್ಬರು ಇರುತ್ತಾರೆಯೇ ಹೊರತು ಎದುರಾಗುವುದಿಲ್ಲ. ಇಬ್ಬರು ಇಳಿಯಲು ಬಂದರೆ ಕೆಳಗಿರುವವನಿಗೆ ಮೊದಲ ಮಾನ. ಅಪ್ಪಿತಪ್ಪಿ ಎದುರಾಬದುರಾದರೋ, ಇಬ್ಬರೂ ತಮ್ಮ ತಮ್ಮ ಬಲಕ್ಕೆ ಹೊರಳಬೇಕು. ಇವನು ದೊಡ್ಡವನು, ಅವನು ಸಣ್ಣವನು ಎಂದಿಲ್ಲ. ಇಬ್ಬರೂ.

"ಇನ್ನೊಂದು ಮಾತು" ಎಂದರು. "ಆಕಾಶದಾಗ ಅತ್ತಿತ್ತ ಸರಿದಾಡೂ ಚುಕ್ಕಿಗೆ ಹೆದರಬ್ಯಾಡ್ರಿ. ಅದು ತನ್ನ ಹಾದಿ ಹಿಡಿದು ಹೋಗ್ತದ. ಸರೀಲಾರದ ಒಂದs ಕಡಿ ನಿಂತು ದೊಡ್ಡದಾಗೂ ಚುಕ್ಕಿ ಅದ ನೋಡ್ರಿ, ಅದು ನಿಮ್ಮ ಕಡೀಗೇ ಬರಾಕತ್ತಿರ್ತದ."

ನಾನು ತಲೆದೂಗಿದೆ. ಎಷ್ಟು ಚೆಂದದ ಮಾತು ಎಂದುಕೊಂಡೆ. ಕೇಳಿದ ಮಾತು ಚೆಂದವಾಗಿದ್ದಷ್ಟೂ ಸಮಯಕ್ಕೆ ನೆನಪಾಗುವುದು ತಡ ಎಂಬುದು ಆಗ ಗೊತ್ತಿರಲಿಲ್ಲ.

ನಮ್ಮ ಹಿಂದೆ ಕೋಲೂರಿ ನಿಂತಿದ್ದ ಅವ್ವ ಇದನ್ನೆಲ್ಲ ಕೇಳಿಸಿಕೊಂಡಿದ್ದಳು. ಅವಳಿಗೆ ಹಿಡಿಸಿದ್ದು ಒಂದೇ ವಿಷಯ.

"ಏ ಸಾಹೇಬಾ, ಈ ವಿಮಾನ ಗುಡೀನೂ ಕೂಡಿಸಿ ಸುತ್ತತದೇನು?"

"ಹೌದ್ರಿ ಅಮ್ಮಾ. ಗುಡಿ, ಬಯಲು, ಎಲ್ಲಾ ಕೂಡಿ ಒಂದು ಸುತ್ತು."

"ಹಂಗಾದ್ರ ನಾ ಹತ್ತತೀನಿ."

ನಾನು ಬೆಚ್ಚಿದೆ. ಬಸ್ಸು ಹತ್ತಲು ಹೆದರುವ ಹೆಂಗಸು! ಆಮೇಲೆ ಕಾರಣ ಹೇಳಿದಳು. ಹೋದ ವರ್ಷ ನನಗೆ ವಿಷಮಜ್ವರ ಬಂದು ಸಾಯುವಂತಾಗಿದ್ದಾಗ ಅವ್ವ ಈ ಹಣಮಪ್ಪನಿಗೆ ಪ್ರದಕ್ಷಿಣೆಯ ಹರಕೆ ಹೊತ್ತಿದ್ದಳಂತೆ. ನಾನು ಎದ್ದು ಕೂತೆ. ಅವಳ ಮೊಣಕಾಲು ಕೂತವು. ಗುಡಿಯ ಮೆಟ್ಟಿಲು ಹತ್ತಲಾರಳು, ಸುತ್ತು ಬರಲಾರಳು. ಹರಕೆ ಹಾಗೇ ಉಳಿದಿತ್ತು.

"ಕಾಲು ಇಲ್ಲಂತ ದೇವರಿಗೆ ಕೊಟ್ಟ ಮಾತು ಮುರೀಲಾಕ ಬರ್ತದೇನೋ ತಮ್ಮಾ?" ಎಂದಳು.

ಇದಕ್ಕೆ ಯಾವ ಕಾನೂನಿನಲ್ಲಿ ಉತ್ತರವಿದೆ? ಹತ್ತಿದೆವು. ಮನೆಯವಳನ್ನು ಕರೆದರೆ, "ನೀವು ಹೋಗಿ ಬರ್ರಿ. ಯಾರರೇ ಒಬ್ಬರು ನೆಲದ ಮ್ಯಾಲೆ ಇರಬೇಕಲ್ಲ" ಎಂದಳು.

ಈ ವಿಮಾನದ ಕಟ್ಟಡವನ್ನು ಸ್ವಲ್ಪ ಹೇಳಬೇಕು. ಮುಂದೆ ಇಂಜಿನ್. ಅದರ ಹಿಂದೆ ನಮ್ಮಂಥವರು ಕೂರುವ ಸಣ್ಣ ಕೋಣೆ. ಅದರೂ ಹಿಂದೆ, ಎತ್ತರದಲ್ಲಿ, ಮೇಲೆ ಮುಚ್ಚಿಗೆಯಿಲ್ಲದ ಸೀಟಿನಲ್ಲಿ ಪೈಲಟ್. ಕೋಣೆಗೂ ಪೈಲಟ್‌ಗೂ ನಡುವೆ ಮಾತಾಡಲು ಒಂದು ತೂತು. ಮುಂದೆ ನೇರಕ್ಕೆ ಏನಿದೆ ಎಂಬುದು ಪೈಲಟ್‌ಗೆ ಚೆನ್ನಾಗಿ ಕಾಣಿಸುವುದಿಲ್ಲ. ವಿಮಾನದ ಮೂತಿಯೇ ಅಡ್ಡ. ಕೂರುವವರಿಗೆ ಪಕ್ಕದ ಕಿಟಕಿಯಲ್ಲಿ ಎಷ್ಟು ಕಂಡರೆ ಅಷ್ಟು.

ಮೇಲೆ ಹೋದೆವು. ಭೀಮೆ ಕೆಳಗೆ ಸಣ್ಣಗೆ ಹೊಳೆಯುತ್ತಿದ್ದಳು. ಬಿಳಿಜೋಳದ ಕೂಳೆ ಹೊಲಗಳು ಚೌಕ ಚೌಕವಾಗಿ ಬಿದ್ದಿದ್ದವು. ಅಷ್ಟರಲ್ಲಿ ಸಾಹೇಬರು ಎಡಕ್ಕೆ ಹೊರಳಿಸಿದರು. ಅವ್ವ ತೂತಿಗೆ ಬಾಯಿ ಹಚ್ಚಿದಳು.

"ಎಡಕ್ಕ್ಯಾಕ ಹೊಂಟೀಯೋ ಸಾಹೇಬಾ! ದೇವರು ಬಲಕ್ಕಿರಬೇಕು. ಎಡಸುತ್ತು ಹಾಕಿದ್ರ ಹರಕಿ ತೀರೂದಿಲ್ಲ, ಮ್ಯಾಲೊಂದು ಪಾಪ ಸುತ್ತಕೊಳ್ತದ."

"ನಕ್ಕೋ ಅಮ್ಮಾ, ಬ್ಯಾಡ್ರಿ, ರೂಲ್ ಅದ" ಎಂದರು ಸಾಹೇಬರು.

"ರೂಲ್ ಯಾರು ಮಾಡ್ಯಾರ?"

"ವಿಲಾಯತಿಯವರು."

"ಅವರಿಗೆ ಹಣಮಪ್ಪ ಗೊತ್ತದಾನೇನು?"

ಕಪ್ತಾನ ಸಾಹೇಬರು ತಾಯಂದಿರ ಮಾತಿಗೆ ಇಲ್ಲ ಎನ್ನಲಾರದ ಮನೆತನದವರು. ಅದೇ ತೊಂದರೆಯಾದದ್ದು. ಅತ್ತ ನೋಡಿದರು, ಇತ್ತ ನೋಡಿದರು. ಆಕಾಶ ಖಾಲಿ. ಕಿರಿಯ ಪೈಲಟ್ ಇನ್ನೊಂದು ವಿಮಾನವನ್ನು ಜೇವರ್ಗಿಗೆ ಒಯ್ದಿದ್ದ, ಅವನು ಬರುವುದು ಮಧ್ಯಾಹ್ನದ ಮೇಲೆ. "ಅಚ್ಛಾ, ಒಂದೇ ಒಂದು" ಎಂದು ಬಲಕ್ಕೆ ಹೊರಳಿಸಿ, ಗುಡಿಯನ್ನು ಬಲಗೈಗೆ ಇಟ್ಟುಕೊಂಡು ಸುತ್ತಿದರು. ಅವ್ವ ಕೈ ಮುಗಿದಳು. ಕಣ್ಣಲ್ಲಿ ನೀರು. ಒಂದು ಮುಗಿಯಿತು. "ಇನ್ನೊಂದು" ಎಂದಳು.

ಇನ್ನೊಂದಕ್ಕೆ ಹೊರಟೆವು.

ನನ್ನ ಕಿಟಕಿಯ ಮುಂದಿನ ಮೂಲೆಯಲ್ಲಿ ಒಂದು ನೊಣ ಕೂತಿತ್ತು. ಧೋತರದ ಚುಂಗಿನಿಂದ ಒರೆಸಿದೆ. ಹೋಗಲಿಲ್ಲ. ಹೊರಗಡೆ ಕೂತಿರಬೇಕು ಎಂದುಕೊಂಡೆ. ಎಂಥ ಗಟ್ಟಿ ನೊಣ, ಇಷ್ಟು ಗಾಳಿಗೂ ಅಲುಗಾಡುತ್ತಿಲ್ಲವಲ್ಲ! ಮತ್ತೆ ನೋಡಿದೆ. ನೊಣ ಸ್ವಲ್ಪ ದಪ್ಪಗಾಗಿತ್ತು. ಇನ್ನೊಮ್ಮೆ ನೋಡಿದೆ. ನೊಣಕ್ಕೆ ರೆಕ್ಕೆ ಬಂದಿದ್ದವು. ಮೇಲೊಂದು ಜೊತೆ, ಕೆಳಗೊಂದು ಜೊತೆ.

ಆಗ ಆ ಚೆಂದದ ಮಾತು ನೆನಪಾಯಿತು.

"ಸಾಹೇಬ್ರ! ನೊಣ! ನೊಣ!" ಎಂದು ತೂತಿನಲ್ಲಿ ಕಿರುಚಿದೆ.

"ಕ್ಯಾ?"

"ನೊಣ ಬೆಳೀಲಾಕತ್ತದ!"

ಅದು ಜೇವರ್ಗಿಯ ವಿಮಾನ. ಹೊತ್ತಿಗೆ ಮೊದಲೇ ಬಂದುಬಿಟ್ಟಿತ್ತು. ಕಿರಿಯ ಪೈಲಟ್ ಪಾಠ ಓದಿದ ಹುಡುಗ, ಬಯಲನ್ನು ಎಡಗೈಗೆ ಇಟ್ಟುಕೊಂಡು ರೂಲಿನ ಪ್ರಕಾರ ಸುತ್ತುತ್ತಿದ್ದ. ನಾವು ಬಲಗೈಗೆ ಇಟ್ಟುಕೊಂಡು ಶಾಸ್ತ್ರದ ಪ್ರಕಾರ ಸುತ್ತುತ್ತಿದ್ದೆವು. ಒಂದೇ ದಾರಿ, ಒಂದೇ ಎತ್ತರ, ಮುಖಕ್ಕೆ ಮುಖ.

ನನಗೆ ಹೆದರಿಕೆಯಾಯಿತು. ಇದನ್ನು ತಮಾಷೆಗೆ ಹೇಳುತ್ತಿಲ್ಲ. ಕೆಳಗೆ ನಿಂತಿದ್ದ ನಮ್ಮ ಮನೆಯವಳ ಹಸಿರು ಸೀರೆ ಮಾತ್ರ ಕಣ್ಣಿಗೆ ಬಿತ್ತು.

ಸಾಹೇಬರು ಬಲಕ್ಕೆ ಹೊರಳಿಸಿದರು. ಬಲಕ್ಕೆ ಏನಿತ್ತು? ಗುಡಿ! ವಿಮಾನ ವಾಲಿತು. ಅವ್ವ ಕಣ್ಣು ತೆರೆದಳು. ನೇರ ಕೆಳಗೆ ಹಣಮಪ್ಪನ ಶಿಖರ.

"ದೇವರ ತಲಿ ಮ್ಯಾಲೆ ಹೊಂಟೀಯಲ್ಲೋ! ಎಡಕ್ಕ ಹೊರಳಸೋ, ಎಡಕ್ಕ!" ಎಂದು ಚೀರಿ, ಕೈಯಲ್ಲಿದ್ದ ಕೋಲನ್ನು ತೂತಿನಲ್ಲಿ ತೂರಿಸಿ ತಿವಿದಳು. ಅದು ಸಾಹೇಬರಿಗೆ ಎಲ್ಲಿ ತಾಗಿತೋ, ಅವರು ಇವತ್ತಿಗೂ ಹೇಳಿಲ್ಲ. ಆದರೆ ಅವರು ಎಡಕ್ಕೆ ಹೊರಳಿಸಲಿಲ್ಲ.

ಎದುರಿನ ವಿಮಾನವೂ ತನ್ನ ಬಲಕ್ಕೆ, ಅಂದರೆ ಗುಡಿಯಿಂದ ಆಚೆಗೆ ಹೊರಳಿತು. ಎಷ್ಟು ಹತ್ತಿರದಿಂದ ಹಾದುಹೋಯಿತೆಂದರೆ, ಅದರ ಮುಂದಿನ ತೆರೆದ ಸೀಟಿನಲ್ಲಿ ಕೂತವರ ಕೆಂಪು ರುಮಾಲು ಗಾಳಿಗೆ ಬಿಚ್ಚಿ, ಉದ್ದಕ್ಕೆ ಹಾರಿ, ಕೆಳಗೆ ಬೀಳುವುದು ಕಾಣಿಸಿತು. ರುಮಾಲು ಇದ್ದಲ್ಲಿ ಒಂದು ಬೋಳುತಲೆ. ಅದರ ಕೆಳಗೆ ಅಗಲವಾಗಿ ತೆರೆದ ಬಾಯಿ. ಆ ಬಾಯಿಯನ್ನು ನಾನು ಬಲ್ಲೆ. ನನ್ನ ಮದುವೆಯ ದಿನ ಬಾವಿಯ ಕಡೆಯಿಂದ ಅದೇ ಬಾಯಿ ಕೇಳಿಸುತ್ತಿತ್ತು.

ಓದುಗರೇ, ಆಮೇಲೆ ತಿಳಿದದ್ದು ಕೇಳಿ. ಆ ವಿಮಾನದಲ್ಲಿ ನಮ್ಮ ಮಾವನೂ ತಮ್ಮ ಪೈಲಟ್‌ಗೆ "ಎಡಕ್ಕ ಹೊಡೀಲೇ!" ಎಂದು ಕೂಗುತ್ತಿದ್ದರಂತೆ. ಸರಕಾರಿ ಟಾಂಗಾದಲ್ಲಿ ಜನ್ಮವೆಲ್ಲ ರಸ್ತೆಯ ಎಡಕ್ಕೆ ಓಡಾಡಿದ ಮನುಷ್ಯ. ಎದುರು ಗಾಡಿ ಬಂದರೆ ಎಡಕ್ಕೆ ಎಂದು ಅವರ ಲೆಕ್ಕ.

ಆ ಹುಡುಗ ಅವರ ಮಾತು ಕೇಳಿ ಎಡಕ್ಕೆ ಬಂದಿದ್ದರೆ? ಗುಡಿಯ ಮೇಲೆ ನಮಗೇ ಬಡಿಯುತ್ತಿದ್ದ. ನಮ್ಮ ಸಾಹೇಬರು ಅವ್ವನ ಮಾತು ಕೇಳಿ ಎಡಕ್ಕೆ ಹೋಗಿದ್ದರೆ? ಗುಡಿಯಿಂದ ಆಚೆ ಅವನಿಗೆ ಬಡಿಯುತ್ತಿದ್ದೆವು. ಆದರೆ (ಇದನ್ನು ನಾನು ಮನೆಗೆ ಬಂದು ಎರಡು ಬೆಂಕಿಪೊಟ್ಟಣ ಇಟ್ಟುಕೊಂಡು ಪರೀಕ್ಷಿಸಿದ್ದೇನೆ) ಇಬ್ಬರೂ ಪೈಲಟ್‌ಗಳು ತಮ್ಮ ತಮ್ಮ ಹಿರಿಯರ ಮಾತು ಕೇಳಿದ್ದರೆ ಏನಾಗುತ್ತಿತ್ತು ಗೊತ್ತೇ? ಏನೂ ಆಗುತ್ತಿರಲಿಲ್ಲ! ಇಬ್ಬರೂ ಎಡಕ್ಕೆ ಹೋಗಿ ಸುಖವಾಗಿ ಹಾದುಬಿಡುತ್ತಿದ್ದರು.

ಅಂದರೆ ಬಲದಲ್ಲಿ ವಿಶೇಷವೇನೂ ಇಲ್ಲ. ಎಡದಲ್ಲೂ ಪಾಪವಿಲ್ಲ. ಎದುರಿನವನು ಏನು ಮಾಡುತ್ತಾನೆ ಎಂದು ಕೇಳಲು ಸಮಯವಿಲ್ಲದಾಗ ಇಬ್ಬರಿಗೂ ಮೊದಲೇ ಗೊತ್ತಿರುವುದು ಒಂದೇ ಆಗಿರಬೇಕು, ಅಷ್ಟೆ. ನಮ್ಮಲ್ಲಿ ಹೇಗೆ? ಅರ್ಧ ಜನ ರೂಲು, ಅರ್ಧ ಜನ ಶಾಸ್ತ್ರ. ಆಫೀಸಿಗೆ ಹೋಗುವಾಗ ಗಡಿಯಾರ, ಊರಿಗೆ ಹೊರಡುವಾಗ ರಾಹುಕಾಲ. ಢಿಕ್ಕಿಯಾಗದೆ ಮತ್ತೇನು?

ಇಳಿದೆವು. ಅವರೂ ಇಳಿದರು. ಬಯಲಿನ ಈ ತುದಿಗೆ ಅವ್ವ, ಆ ತುದಿಗೆ ಮಾವ. ಇಬ್ಬರೂ ತಮ್ಮ ತಮ್ಮ ಪೈಲಟ್‌ಗಳಿಗೆ ಬೈಯುತ್ತ ಹಿಂದೆ ಹಿಂದೆ ಸರಿಯುತ್ತ ಬಂದರು. "ಹಣಮಪ್ಪನ ತಲಿ ಮ್ಯಾಲೆ ಹಾಯಿಸಿದೆಲ್ಲೋ" ಎಂದು ಇವಳು. "ಎಡಕ್ಕ ಅಂದ್ರ ಬಲಕ್ಕ ಹೊಡೀತೀಯೇನಲೇ" ಎಂದು ಅವರು. ನಡು ಬಯಲಲ್ಲಿ ಬೆನ್ನಿಗೆ ಬೆನ್ನು ತಾಗಿತು. ಇಬ್ಬರೂ ಒಟ್ಟಿಗೆ ತಿರುಗಿದರು.

"ನೀವೇನ್ರಿ?" ಎಂದಳು ಅವ್ವ.

"ನೀವೇನ್ರಿ?" ಎಂದರು ಮಾವ. ಬೋಳುತಲೆಯ ಮೇಲೆ ಕೈ ಹೋಯಿತು. ರುಮಾಲಿಲ್ಲದೆ ಬೀಗತಿಯ ಎದುರು ನಿಂತದ್ದು ಅವರ ಜೀವನದಲ್ಲಿ ಅದೇ ಮೊದಲು.

ನನಗೆ ಒಂದು ಕ್ಷಣ ಆಸೆಯಾಯಿತು. ಸಾವಿನ ಬಾಯಿಂದ ಪಾರಾಗಿ ಬಂದಿದ್ದಾರೆ, ಇನ್ನಾದರೂ ಒಂದಾಗುತ್ತಾರೆ ಎಂದುಕೊಂಡೆ.

"ನಾವು ಹೊಳ್ಳಿದ್ದಕ್ಕ ನಿಮ್ಮ ಜೀವ ಉಳೀತ್ರಿ, ಬೀಗ್ರ" ಎಂದಳು ಅವ್ವ. "ನಿಮ್ಮ ಸಲುವಾಗಿ ದೇವರ ತಲಿ ಮ್ಯಾಲೆ ಹಾದು ಬಂದೇನಿ."

"ಅದೆಂಗ್ರಿ? ಮೊದಲ ಹೊಳ್ಳಿದಾವ್ರು ನಾವು. ನಿಮಗ ಹಾದಿ ಬಿಟ್ಟುಕೊಟ್ಟಾವ್ರು ನಾವು."

"ನಾವು ಮೊದಲ!"

"ನಾವು!"

ನೋಡಿದಿರಾ? ಅಂದು ಯಾರು ಮೊದಲು ಹೆಜ್ಜೆ ಇಡಬಾರದು ಎಂದು ಜಗಳ. ಇಂದು ಯಾರು ಮೊದಲು ಬಿಟ್ಟುಕೊಟ್ಟರು ಎಂದು ಜಗಳ. ಬಿಟ್ಟುಕೊಡುವುದೂ ದೊಡ್ಡಸ್ತಿಕೆಯಾಗಿಬಿಟ್ಟರೆ ಗತಿಯೇನು? ಕಪ್ತಾನ ಸಾಹೇಬರನ್ನು ಪಂಚಾಯತಿಗೆ ಕರೆದರು. ಅವರು ಪಾಪ, ತಿವಿಸಿಕೊಂಡ ಜಾಗವನ್ನು ನೀವುತ್ತ, "ಕಸೂರ್ ನಂದು. ನಾ ಉಲ್ಟಾ ಸುತ್ತಬಾರದಿತ್ತು. ಹೊಳ್ಳಿದ್ದು ಇಬ್ಬರೂ ಕೂಡೇ" ಎಂದರು.

"ಕೂಡೇ ಅಂದ್ರ ಹ್ಯಾಂಗ?" ಎಂದರು ಬೀಗರಿಬ್ಬರೂ, ಕೂಡಿಯೇ. "ಯಾರರೇ ಒಬ್ಬರು ಮೊದಲ ಇರಬೇಕಲ್ಲ!"

ಆಗ ನಮ್ಮ ಮನೆಯವಳು ಬಂದಳು.

ಕೈಯಲ್ಲಿ ಅಪ್ಪನ ರುಮಾಲು. ಸೀರೆಗೆಲ್ಲ ಮಣ್ಣು. ಅವಳು ಓಡಿ ಬರಲಿಲ್ಲ, ನಡೆದು ಬಂದಳು.

"ಅಪ್ಪಗ ಇಲ್ಲಿಗೆ ಬಾ ಅಂತ ಹೇಳಿ ಕಳಿಸಿದಾಕಿ ನಾನ" ಎಂದಳು. "ಹಾದಿ ಮ್ಯಾಲೆ ಬಂದ್ರ ಬೀಗತಿ ಮನಿಗೆ ತಾನಾಗಿ ಹೋದ ಅಂತಾರಂತ ಇವರಿಗೆ ಅಂಜಿಕಿ. ವಿಮಾನ ನೋಡಾಕ ಬಂದಂಗ ಬರ್ರಿ, ಅಲ್ಲೇ ಮಾತಾಡಿದ್ರಾತು ಅಂದಿದ್ದೆ. ಆ ವಿಮಾನದಾಗ ಅಪ್ಪ. ಈ ವಿಮಾನದಾಗ ಗಂಡ, ಅತ್ತಿ. ಎರಡೂ ಒಂದಕ್ಕೊಂದು ಎದುರು ಬರಾಕತ್ತಾವ. ನಾ ಯಾವ ಕಡಿ ನೋಡ್ಲಿ? ಯಾವುದು ಉಳೀಲಿ ಅಂತ ಬೇಡಿಕೊಳ್ಲಿ? ಕಣ್ಣು ಮುಚ್ಚಿ ನೆಲಕ್ಕ ಕುಂತೆ. ನೀವು ಜೀವಂತ ಇಳಿದು ಬಂದ್ರಿ, ಬಂದು ಯಾರು ಮೊದಲ ಹೊಳ್ಳಿದ್ರು ಅಂತ ಕೇಳಾಕತ್ತೀರಿ."

ಅವ್ವ ನನ್ನ ಮುಖ ನೋಡಿದಳು. ನಾನು ಗುಡಿಯ ನಿಶಾನೆ ನೋಡಿದೆ.

ಮನೆಯವಳು ಕಿರಿಯ ಪೈಲಟ್ ಕಡೆ ತಿರುಗಿದಳು. "ತಮ್ಮಾ, ನೀ ಹೊಳ್ಳಿ ಜೇವರ್ಗಿಗೆ ಹೊಂಟೀಯೇನು?"

"ಹೌದ್ರಿ ಅಕ್ಕಾ. ಇವರನ್ನ ಬಿಟ್ಟು ಬರಬೇಕು."

"ನಾ ಜಲ್ಮದಾಗ ಮತ್ತ ಹತ್ತೂದಿಲ್ಲ" ಎಂದರು ಮಾವ.

"ಹಂಗಾದ್ರ ಸೀಟು ಖಾಲಿ ಅದ" ಎಂದಳು ಅವಳು. ಅಪ್ಪನ ರುಮಾಲನ್ನು ತಲೆಗೆ, ಕಿವಿಗೆ, ಗದ್ದಕ್ಕೆ ಸುತ್ತಿ ಬಿಗಿದು ಕಟ್ಟಿಕೊಂಡಳು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ರೆಕ್ಕೆಯ ಮೇಲೆ ಕಾಲಿಟ್ಟು, ಆ ತೆರೆದ ಸೀಟಿನಲ್ಲಿ ಕೂತುಬಿಟ್ಟಳು. ಎತ್ತಿನ ಗಾಡಿ ಹತ್ತುವಾಗಲೂ ನನ್ನ ಕೈ ಹಿಡಿಯುವವಳು!

"ಏ, ಯಾರನ್ನ ಕೇಳಿ ಹೊಂಟೀ?" ಎಂದೆ. ಎಲ್ಲರೆದುರು ಗಂಡನೆಂದ ಮೇಲೆ ಏನಾದರೂ ಅನ್ನಬೇಕಲ್ಲ.

"ತಂಗಿ ಮದಿವಿಗೆ ಹೊಂಟೇನ್ರಿ. ಬರಾವ್ರು ಬರ್ರಿ" ಎಂದಳು. ಇಂಜಿನ್ ಶುರುವಾಯಿತು. ಮುಂದಿನ ಮಾತು, ಇದ್ದರೆ, ನನಗೆ ಕೇಳಿಸಲಿಲ್ಲ.

ವಿಮಾನ ಎದ್ದಿತು. ಬಯಲನ್ನು ಎಡಕ್ಕೆ ಬಿಟ್ಟು, ಕ್ರಮವಾಗಿ ಒಂದು ಸುತ್ತು ಹಾಕಿ, ಜೇವರ್ಗಿಯ ದಿಕ್ಕು ಹಿಡಿಯಿತು. ಮೂವರೂ ಕತ್ತೆತ್ತಿ ನೋಡುತ್ತ ನಿಂತೆವು. ಮೊದಲು ಮಾತಾಡಿದವಳು ಅವ್ವ.

"ಹುಡುಗಿ ಎಡಸುತ್ತು ಹಾಕಿ ಹೋತು. ಏನಾಗ್ತದೋ ಏನೋ."

"ಹಿಂದಿಂದ ಹೋಗೂಣ್ರಿ" ಎಂದರು ಮಾವ. 'ಹೋಗೋಣ' ಎಂದರು ಎಂಬುದನ್ನು ಗಮನಿಸಬೇಕು.

ಸೋದರಮಾವನ ಗಾಡಿ ಕಟ್ಟಿಸಿದೆವು. ಬೀಗರಿಬ್ಬರೂ ಒಂದೇ ಗಾಡಿಯಲ್ಲಿ ಜೇವರ್ಗಿಗೆ ಹೊರಟರು. ಗಾಡಿ ಹೊಡೆದವನು ಬಂದು ಹೇಳಿದ್ದು: ಮೊದಲ ಅರ್ಧ ದಾರಿ ಇಬ್ಬರೂ ಮಾತಾಡಲಿಲ್ಲವಂತೆ. ನಡುವೆ ಬುತ್ತಿ ಬಿಚ್ಚಿದಾಗ ಅವ್ವ ಒಂದು ರೊಟ್ಟಿ, ಮೇಲೆ ಶೇಂಗಾ ಹಿಂಡಿ ಇಟ್ಟು ಕೊಟ್ಟಳಂತೆ. ಮಾವ ತಗೊಂಡರಂತೆ. ಆಮೇಲಿನ ಅರ್ಧ ದಾರಿ ಇಬ್ಬರೂ ಒಂದೇ ದನಿಯಲ್ಲಿ ನನ್ನನ್ನು ಬೈದರಂತೆ. "ಹೆಂಡ್ತಿ ಹೊಂಟಾಗ ಕೈ ಕಟ್ಟಿಕೊಂಡು ನಿಂತಾನ, ಎಂಥಾ ಗಂಡಸು" ಎಂದು ಅವ್ವ. "ನಮಗೂ ಅವತ್ತಿಂದ ಅದೇ ಸಂಶೇವಿತ್ತು" ಎಂದು ಮಾವ.

ಹೀಗೆ ಬೀಗರು ಒಂದಾದರು. ಅವ್ವ ಈಗ ಜೇವರ್ಗಿಯಲ್ಲಿ ಕೂತು ಮದುವೆಯ ಶಾವಿಗೆ ಹೊಸೆಸುತ್ತಿದ್ದಾಳಂತೆ. ಮಾವ ಹೊಸ ರುಮಾಲು ತಂದಿದ್ದಾರಂತೆ, ಹಳೆಯದನ್ನು ಮಗಳು ಕೊಡಲಿಲ್ಲವಂತೆ.

ನಾನು ಆಳಂದದಲ್ಲಿದ್ದೇನೆ. ಕೋರ್ಟಿನ ಕೆಲಸ ಇತ್ತು ಎಂದು ಬಂದೆ. ರೊಟ್ಟಿ ಬಡಿಯಲು ಬರುವುದಿಲ್ಲ. ಅನ್ನ ಒಂದು ದಿನ ಹೊತ್ತುತ್ತದೆ, ಒಂದು ದಿನ ಬೇಯುವುದಿಲ್ಲ. ರಾತ್ರಿ ಮನೆ ಬಿಕೋ ಎನ್ನುತ್ತದೆ. ಅವಳಿಲ್ಲದೆ ನನಗೆ ಬೇಸರವಾಗಿದೆ. ಇದನ್ನು ಪತ್ರಿಕೆಯಲ್ಲಿ ಅಚ್ಚು ಹಾಕಿಸಿ ಹೇಳಲು ನನಗೆ ನಾಚಿಕೆಯಿಲ್ಲ.

ಅವ್ವ ಮೂರು ಸಲ ಹೇಳಿ ಕಳಿಸಿದಳು, ಬಾ ಎಂದು. ಮಾವ ಎರಡು ಸಲ. ಮದುವೆ ಬರುವ ವಾರ. ಹೋಗಲು ಒಂದು ಗಾಡಿ ಕಟ್ಟಿಸಿದರೆ ಆಯಿತು, ಅದೇನು ದೊಡ್ಡ ಮಾತಲ್ಲ.

ಆದರೆ ಓದುಗರೇ, ನೀವೇ ನ್ಯಾಯ ಹೇಳಿ. ಅವಳು ಗಂಡನನ್ನು ಕೇಳದೆ ಹೋದವಳು. ಕರೆ ಅವಳಿಂದಲೇ ಮೊದಲು ಬರಬೇಕಲ್ಲವೇ?